ತೆನಿಗೆ ಹಾಕಿದ ಅರ್ಧ ಟ್ಯೂಬು

ಹೋದ ವರ್ಷ ಶ್ರಾವಣದಲ್ಲಿ ಒಂದು ದಿನ ಅವ್ವ ಮಗ್ಗದಿಂದ ಎದ್ದು ಬಂದು ನನ್ನ ಮುಂದೆ ಕಾಲು ಚಾಚಿ ಕೂತಳು. ಕಣಕಾಲಿನ ಸುತ್ತ ಸಣ್ಣ ಸಣ್ಣ ಕೆಂಪು ಗುಳ್ಳೆ. ಕೆಲವು ಕಡೆ ಮೂರು ನಾಲ್ಕು ಸಾಲಾಗಿ. ಮೊಣಕಾಲಿನ ಮೇಲೆ ಒಂದೂ ಇಲ್ಲ.

“ಸೊಳ್ಳಿ ಅಲ್ಲ ತಮ್ಮಾ ಇದು. ಸೊಳ್ಳಿ ಏನ್ ಬರೇ ಕಾಲಷ್ಟ ಹುಡುಕ್ಕೊಂಡು ಕಡೀತಾವೇನು?”

ನಮ್ಮದು ಇಳಕಲ್ಲು. ಮನೆಯ ಹಿಂದಿನ ಖೋಲಿಯಲ್ಲಿ ಇನ್ನೂ ಒಂದು ಕುಣಿಮಗ್ಗ ಇದೆ. ನೋಡದವರಿಗೆ ಹೇಳುತ್ತೇನೆ. ನೆಲದಲ್ಲಿ ಒಂದು ಕುಣಿ ತೋಡಿರುತ್ತಾರೆ. ನೇಯುವವರು ನೆಲದ ಮಟ್ಟದಲ್ಲಿ ಕೂತು, ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ಹಲಗೆ ತುಳಿಯುತ್ತಾರೆ. ಕುಣಿಯ ತಂಪಿಗೆ ನೂಲು ಒಣಗಿ ಪಟಪಟ ಹರಿಯುವುದಿಲ್ಲ. ಅವ್ವನ ಕಾಲು ಹೆಚ್ಚುಕಡಿಮೆ ನಲವತ್ತು ವರ್ಷ ಅಲ್ಲೇ ಕಳೆದಿವೆ. ಅಲ್ಲಿ ಏನಾದರೂ ಬದಲಾದರೆ ಮೊದಲು ಗೊತ್ತಾಗುವುದು ಅವಳಿಗೇ.

ಆ ಕುಣಿಯಲ್ಲೇ ಎರಡು ವರ್ಷದ ಹಿಂದೆ ಒಂದು ಬೆಕ್ಕು ಮರಿ ಹಾಕಿತ್ತು. ನಾಲ್ಕರಲ್ಲಿ ಒಂದು ನಮ್ಮಲ್ಲೇ ಉಳಿಯಿತು. ಕೆಂಚು ಮೈ, ಬೆನ್ನ ಮೇಲೆ ಬಾಚಣಿಗೆ ಹಲ್ಲಿನ ಹಾಗೆ ಬಿಳಿ ಗೆರೆ. ಇಳಕಲ್ ಸೀರೆಯ ಕೆಂಪು ಸೆರಗಿನಲ್ಲಿ ಬಿಳಿ ರೇಷ್ಮೆಯ ತೆನಿ ಬರುತ್ತದಲ್ಲ, ಹಾಗೆ. ಹೆಸರು ಇಟ್ಟವಳು ಅವ್ವ: ತೆನಿ. ರೇಷ್ಮೆ ಕಡಿಯುವ ಇಲಿಗಳನ್ನು ಕಾಯುವುದು ತೆನಿಯ ಕೆಲಸ. ಬಾಗಿಲಲ್ಲಿ ಇನ್ನೊಬ್ಬ ಇದ್ದಾನೆ, ರಾಜಾ. ಮುಧೋಳ ನಾಯಿ ಅಂತ ಹೇಳಿ ಕೊಟ್ಟಿದ್ದರು. ದೊಡ್ಡವನಾದ ಮೇಲೆ ನೋಡಿದರೆ ಮೂತಿ ಮಾತ್ರ ಮುಧೋಳದ್ದು, ಉಳಿದದ್ದು ನಮ್ಮ ಓಣಿಯದ್ದೇ. ಇರಲಿ.

ಗುಳ್ಳೆ ನೋಡಿದ ದಿನ ನಾನು ಬಿಳಿ ಸಾಕ್ಸ್ ಹಾಕಿಕೊಂಡು ಆ ಖೋಲಿಯಲ್ಲಿ ಹತ್ತು ನಿಮಿಷ ಓಡಾಡಿದೆ. ಹೊರಗೆ ಬಂದು ಬಿಸಿಲಿಗೆ ಕಾಲು ಹಿಡಿದರೆ, ಎಳ್ಳಿನ ಹಾಗೆ ಆರೇಳು ಕಪ್ಪು ಚುಕ್ಕೆ. ಮುಟ್ಟಲು ಹೋದರೆ ಇಲ್ಲ. ಜಿಗಿದು ಹೋಗಿತ್ತು.

ಚಿಗಟ.

ತೆನಿಯ ಬಾಲದ ಬುಡದಲ್ಲಿ ಕೂದಲು ಸರಿಸಿದೆ. ಚಹಾಪುಡಿಯಂಥ ಕಪ್ಪು ಕಸ. ಅದನ್ನು ಒದ್ದೆ ಹತ್ತಿಯ ಮೇಲೆ ಉದುರಿಸಿದಾಗ ಸ್ವಲ್ಪ ಹೊತ್ತಿಗೆ ಕೆಂಪಾಗಿ ಹರಡಿತು. ಬರೀ ಮಣ್ಣಾದರೆ ಹಾಗೆ ಆಗುವುದಿಲ್ಲ. ಚಿಗಟ ಕುಡಿದ ರಕ್ತವೇ ಅದರ ಹಿಕ್ಕೆಯಾಗಿ ಬಿದ್ದಿರುತ್ತದೆ.

ಇಷ್ಟು ಜಾಣತನ ತೋರಿಸಿದವನು ಮುಂದೆ ಮಾಡಿದ ಕೆಲಸ ಕೇಳಿ.

ರಾಜಾನಿಗೆ ಅಂತ ಎರಡು ತಿಂಗಳ ಹಿಂದೆ ಒಂದು ಅಂಗಡಿಯಿಂದ ಕತ್ತಿನ ಮೇಲೆ ಹಾಕುವ ಔಷಧದ ಟ್ಯೂಬು ತಂದಿದ್ದೆ. ಎರಡರ ಪಾಕೀಟಿನಲ್ಲಿ ಒಂದು ಉಳಿದಿತ್ತು. ರಾಜಾ ಹದಿನೆಂಟು ಕಿಲೋ, ತೆನಿ ಮೂರು ಕಿಲೋ ಆಚೀಚೆ. ಲೆಕ್ಕ ನನಗೆ ಸುಲಭ. ನಾನು ಕೆಲಸ ಮಾಡುವುದೇ ಪತ್ತಿನ ಸಹಕಾರಿ ಸಂಘದಲ್ಲಿ. ಮೂರು ಕಿಲೋ ಬೆಕ್ಕಿಗೆ ಅರ್ಧ ಟ್ಯೂಬು ಕೂಡ ಜಾಸ್ತಿಯೇ, ಆದರೆ ಚಿಗಟವೂ ಜಾಸ್ತಿ ಇವೆಯಲ್ಲ ಅಂತ ಅರ್ಧ ತೆನಿಗೆ, ಉಳಿದರ್ಧ ರಾಜಾನಿಗೆ ಹಾಕಿದೆ. ಮಕ್ಕಳಿಗೆ ಜ್ವರ ಬಂದಾಗ ದೊಡ್ಡವರ ಗುಳಿಗೆ ಅರ್ಧ ಮುರಿದು ಕೊಡುತ್ತಿದ್ದ ಮನೆಯಲ್ಲೇ ನಾನೂ ಬೆಳೆದದ್ದು. ಅದೇ ರೂಢಿ.

ಹಾಕಿದ್ದು ಸಂಜೆ ಆರಕ್ಕೆ. ರಾತ್ರಿ ಹತ್ತರ ಸುಮಾರಿಗೆ ತೆನಿಯ ಕಿವಿ ತಾನಾಗಿಯೇ ಅದುರತೊಡಗಿತು. ಪಾದಕ್ಕೆ ನೀರು ತಾಗಿದ ಹಾಗೆ ಪದೇ ಪದೇ ಕಾಲು ಝಾಡಿಸುತ್ತಿತ್ತು. ಔಷಧ ತುರಿಸುತ್ತಿರಬೇಕು ಅಂದುಕೊಂಡೆ. ಹನ್ನೊಂದೂವರೆಗೆ ಬಾಯಿಂದ ಜೊಲ್ಲು. ಹನ್ನೆರಡಕ್ಕೆ ಇಡೀ ಮೈ ನಡುಗತೊಡಗಿತು. ನಿಲ್ಲಲು ಹೋಗುವುದು, ಬೀಳುವುದು. ಮುಟ್ಟಿದರೆ ಮೈ ಕಾದ ಹೆಂಚು.

ಅವ್ವ ಬಟ್ಟಲಲ್ಲಿ ಹಾಲು ತಂದಳು. ವಿಷ ಅಂದರೆ ನಮ್ಮಲ್ಲಿ ಮೊದಲು ನೆನಪಾಗುವುದೇ ಹಾಲು. ಹೆಂಡತಿ ಪುಣ್ಯಕ್ಕೆ ತಡೆದಳು: “ರೀ, ಮದ್ಲ ಡಾಕ್ಟರ್‌ಗೆ ಫೋನ್ ಹಚ್ರಿ.”

ನಮ್ಮ ದನದ ಡಾಕ್ಟರರು ಮಧ್ಯರಾತ್ರಿಯ ಫೋನಿಗೆ ಒಗ್ಗಿಹೋದವರು. ಎಮ್ಮೆ ಈಯುವುದು ಯಾವಾಗಲೂ ಅದೇ ಹೊತ್ತಿಗೆ. ನಾನು ಹೇಳಿದ್ದನ್ನು ಪೂರ್ತಿ ಕೇಳದೆಯೇ ಕೇಳಿದರು: “ನಾಯಿ ಔಷಧ ಬೆಕ್ಕಿಗೆ ಹಾಕೀರೇನ್ರಿ?”

ಹೌದು ಸರ್, ಬರೇ ಅರ್ಧ.

ಅವರು ಒಂದು ಕ್ಷಣ ಸುಮ್ಮನಾದರು. ಆಮೇಲೆ ಒಂದೊಂದೇ ಹೇಳಿದರು. ಪಾಕೀಟು ತೆಗೆದು ಹಿಂದೆ ಬರೆದದ್ದು ಓದಿ. ಬಾಯಿಗೆ ಹಾಲೂ ಬೇಡ, ನೀರೂ ಬೇಡ. ನಡುಗುವಾಗ ಹಾಕಿದರೆ ಶ್ವಾಸಕ್ಕೆ ಹೋಗುತ್ತದೆ. ಪಾತ್ರೆ ತಿಕ್ಕುವ ಲಿಕ್ವಿಡ್ ಹಚ್ಚಿ ಉಗುರುಬೆಚ್ಚಗಿನ ನೀರಲ್ಲಿ ಔಷಧ ಹಾಕಿದ ಜಾಗ ತೊಳೆಯಿರಿ. ಬಿಸಿ ನೀರು ಖಂಡಿತ ಬೇಡ, ಚರ್ಮಕ್ಕೆ ರಕ್ತ ಜಾಸ್ತಿ ಹರಿದು ಔಷಧ ಇನ್ನಷ್ಟು ಒಳಗೆ ಹೋಗುತ್ತದೆ. ತಣ್ಣೀರೂ ಬೇಡ. ಒರೆಸಿ, ಟಾವೆಲ್ಲಿನಲ್ಲಿ ಸುತ್ತಿ, ಪಾಕೀಟಿನ ಸಮೇತ ತಕ್ಷಣ ಬನ್ನಿ. ತೊಳೆಯುವಾಗ ಫಿಟ್ಸ್ ಬಂದರೆ ತೊಳೆಯುವುದನ್ನು ಬಿಟ್ಟು ಹಾಗೇ ತನ್ನಿ.

ಬಚ್ಚಲಲ್ಲಿ ನಾನು ತೊಳೆಯುತ್ತಿದ್ದೆ, ಹೆಂಡತಿ ಹಿಡಿದಿದ್ದಳು, ಅವ್ವ ಚಿಮಣಿ ಹಿಡಿದು ನಿಂತಿದ್ದಳು. ಅವತ್ತೇ ಕರೆಂಟ್ ಹೋಗಬೇಕೇ! ಮೊಬೈಲ್ ಬೆಳಕಲ್ಲಿ ಪಾಕೀಟು ಓದಿದೆ. ಇರುವೆಯಂಥ ಅಕ್ಷರ, ಅದೂ ಇಂಗ್ಲಿಷಿನಲ್ಲಿ. ಮೂಲೆಯಲ್ಲಿ ಬೆಕ್ಕಿನ ಚಿತ್ರ, ಅದರ ಮೇಲೆ ಅಡ್ಡಗೆರೆ. ಪರ್ಮೆಥ್ರಿನ್ ಇದೆ, ಬೆಕ್ಕಿಗೆ ಬಳಸಬೇಡಿ. ಸಂಘದಲ್ಲಿ ಸಾಲ ತೆಗೆದುಕೊಳ್ಳಲು ಬಂದವರಿಗೆ ದಿನಾ ಹೇಳುತ್ತೇನೆ, ಸಹಿ ಮಾಡುವ ಮೊದಲು ಪೂರ್ತಿ ಓದಿಕೊಳ್ಳಿ ಅಂತ.

ತೆನಿ ಎರಡು ದಿನ ಸಲೈನಿನ ಮೇಲೆ ಇತ್ತು. ಈ ವಿಷಕ್ಕೆ ಇದೇ ಮದ್ದು ಅಂತ ಒಂದು ಇಲ್ಲ. ಸ್ನಾಯು ಸಡಿಲಿಸುವ ಇಂಜೆಕ್ಷನ್ ಕೊಟ್ಟು, ನಡುಕ ತಡೆದು, ಮೈಬಿಸಿ ನೋಡಿಕೊಳ್ಳುತ್ತಾ ಮೈ ತಾನೇ ವಿಷ ಹೊರಹಾಕಲಿ ಅಂತ ಕಾಯಬೇಕು. ಮೂರನೆಯ ದಿನ ತಲೆ ಎತ್ತಿ ನನ್ನ ಕೈ ಮೂಸಿತು. ಆಮೇಲೆ ಮುಖ ತಿರುಗಿಸಿತು. ಅದು ಸರಿಯೇ.

ಡಾಕ್ಟರರು ಆಮೇಲೆ ನಿಧಾನವಾಗಿ ವಿವರಿಸಿದರು. ಒಂದು ಜಾತಿಯ ಸೇವಂತಿಗೆಯಲ್ಲಿ ಹುಳ ಕೊಲ್ಲುವ ಅಂಶ ಇರುತ್ತದೆ. ಅದನ್ನು ನೋಡಿ ಕಾರ್ಖಾನೆಯಲ್ಲಿ ಮಾಡಿದ ರಾಸಾಯನಿಕಗಳಲ್ಲಿ ಪರ್ಮೆಥ್ರಿನ್ ಒಂದು. ಸೈಪರ್ಮೆಥ್ರಿನ್, ಡೆಲ್ಟಾಮೆಥ್ರಿನ್ ಅದರದೇ ಬಳಗ. ಹುಳದ ನರವನ್ನು ಹಿಡಿದು ಬಿಡದೆ ಅದುರಿಸುತ್ತದೆ. ನಾಯಿಯ ಲಿವರು, ಮನುಷ್ಯನ ಲಿವರು ಇದನ್ನು ಬೇಗ ಒಡೆದು ಹೊರಗೆ ಹಾಕುತ್ತವೆ. ಬೆಕ್ಕಿನ ಲಿವರಿನಲ್ಲಿ ಆ ಕೆಲಸಕ್ಕೆ ಬೇಕಾದ ಒಂದು ಕಿಣ್ವ ಬಹಳ ಕಡಿಮೆ. ಹಾಗಾಗಿ ಒಳಗೆ ಹೋದದ್ದು ಒಳಗೇ ಉಳಿಯುತ್ತದೆ. ಮನುಷ್ಯರ ಪ್ಯಾರಾಸಿಟಮಾಲ್ ಕೊಟ್ಟರೆ ಬೆಕ್ಕು ಸಾಯುವುದಕ್ಕೂ ಹತ್ತಿರದ ಕಾರಣವೇ. ನಾಯಿಯ ಕತ್ತಿಗೆ ಹಾಕುವ ಕೆಲವು ಟ್ಯೂಬುಗಳಲ್ಲಿ ಪರ್ಮೆಥ್ರಿನ್ ನೂರಕ್ಕೆ 40ಕ್ಕಿಂತ ಜಾಸ್ತಿ ಇರುತ್ತದೆ. ಅದರಲ್ಲಿ ಅರ್ಧ ಏನು, ಕಾಲು ಏನು.

ನಾನು ತೆನಿಯನ್ನು ಮೂರು ಕಿಲೋದ ನಾಯಿ ಅಂತ ಲೆಕ್ಕ ಹಾಕಿದ್ದೆ. ಕೂಸುಗಳಿಗೂ ನಾವು ಇದನ್ನೇ ಮಾಡುತ್ತೇವೆ, ಅಲ್ವಾ? ಸಣ್ಣ ಮೈ ಅಂದರೆ ದೊಡ್ಡ ಮೈಯ ತುಂಡು ಅಂದುಕೊಳ್ಳುತ್ತೇವೆ.

ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಬೆಕ್ಕಿಗೆ ಹಾಕದಿದ್ದರೂ, ಅಂಥ ಔಷಧ ಹಾಕಿದ ನಾಯಿಯ ಮೈಯನ್ನು ಬೆಕ್ಕು ನೆಕ್ಕಿದರೆ, ಅದಕ್ಕೆ ಒರಗಿ ಮಲಗಿದರೆ ಸಾಕು. ಚಳಿಗಾಲದಲ್ಲಿ ತೆನಿ ಮಲಗುವುದೇ ರಾಜಾನ ಹೊಟ್ಟೆಯ ಬದಿಗೆ. ಅಂದರೆ ಎರಡೂ ಇರುವ ಮನೆಯಲ್ಲಿ ಆ ಟ್ಯೂಬನ್ನು ತರದೇ ಇರುವುದು ಒಳ್ಳೆಯದು. ತಂದು ಹಾಕಿಬಿಟ್ಟಿದ್ದರೆ ಎರಡು ಮೂರು ದಿನ ಬೇರೆ ಬೇರೆ ಇಡಬೇಕು. ಉಣ್ಣಿಗೆ ಅಂತ ನೀರಲ್ಲಿ ಕಲಸಿ ನಾಯಿಗೆ ಹಚ್ಚುವ ಅಮಿಟ್ರಾಜ್ ಕೂಡ ಬೆಕ್ಕಿಗೆ ಆಗದು.

ತೆನಿ ಆಸ್ಪತ್ರೆಯಲ್ಲಿದ್ದಾಗ ಓಣಿಯವರೆಲ್ಲ ಬಂದು ಒಂದೊಂದು ಸಲಹೆ ಕೊಟ್ಟರು. ಯಾವುದನ್ನೂ ನಾನು ನಗಾಡಿ ತಳ್ಳಿಹಾಕುವ ಸ್ಥಿತಿಯಲ್ಲಿರಲಿಲ್ಲ. ಎಲ್ಲರಿಗಿಂತ ದೊಡ್ಡ ತಪ್ಪು ನನ್ನದೇ ಇತ್ತಲ್ಲ. ಡಾಕ್ಟರರ ಮುಂದೆ ಒಂದೊಂದನ್ನೇ ಇಟ್ಟೆ. ಚಿಮಣಿ ಎಣ್ಣೆ ಒರೆಸುವುದು: ಚರ್ಮ ಸುಡುತ್ತದೆ, ನೆಕ್ಕಿದರೆ ಶ್ವಾಸಕೋಶ ಹಾಳು. ಸೀತಾಫಲದ ಬೀಜ ಅರೆದು ಹಚ್ಚುವುದು: ಹೇನಿಗೆ ಅಂತ ನಮ್ಮ ಹೆಣ್ಣುಮಕ್ಕಳ ತಲೆಗೂ ಹಚ್ಚುತ್ತಿದ್ದರು, ಕಣ್ಣಿಗೆ ಬಿದ್ದರೆ ಗುಡ್ಡೆಗೇ ಗಾಯ. ಬೇವಿನೆಣ್ಣೆ: ಗಿಡದ್ದು ಅಂತ ಧೈರ್ಯ ಬೇಡ, ಬೆಕ್ಕು ಮೈಗೆ ಹಚ್ಚಿದ್ದನ್ನೆಲ್ಲ ನೆಕ್ಕಿ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಬೆಳ್ಳುಳ್ಳಿ ತಿನ್ನಿಸುವುದು: ನಾಯಿ ಬೆಕ್ಕು ಎರಡರ ರಕ್ತಕ್ಕೂ ಕೆಟ್ಟದ್ದು. ಡಾಂಬರು ಗುಳಿಗೆ ಕೊರಳಿಗೆ ಕಟ್ಟುವುದು: ಅದಂತೂ ಬೇಡವೇ ಬೇಡ. ಇರುವೆ ಜಿರಲೆಗೆ ಎಳೆಯುವ ಚಾಕ್‌ಪೀಸನ್ನು ಮೈಮೇಲೆ ಉಜ್ಜುವುದು: ಅದರಲ್ಲಿ ಇರುವುದೂ ಪರ್ಮೆಥ್ರಿನ್ನಿನ ಬಳಗದವರೇ.

ಅವ್ವನ ನೆನಪಿನಲ್ಲಿ ಇದ್ದದ್ದು ಒಂದು ಡಬ್ಬಿ. ಅವಳು ಸಣ್ಣವಳಿದ್ದಾಗ ತಗಣಿಗೆ, ಚಿಗಟಕ್ಕೆ ಬಿಳಿ ಪುಡಿ ಸುರಿಯುತ್ತಿದ್ದರಂತೆ, ಹಾಸಿಗೆಯ ಕೆಳಗೂ, ದನದ ಮೈಮೇಲೂ. ಗ್ಯಾಮಾಕ್ಸಿನ್ ಪುಡಿ. ಮಕ್ಕಳು ಅದರ ಮೇಲೇ ಆಡುತ್ತಿದ್ದರಂತೆ. ಅದರಲ್ಲಿದ್ದ ಬಿ.ಎಚ್.ಸಿ. ಎಂಬ ಕೀಟನಾಶಕವನ್ನು ಸರ್ಕಾರ 1997ರಲ್ಲಿ ನಿಷೇಧಿಸಿತು. ಮೈಯ ಕೊಬ್ಬಿನಲ್ಲಿ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಸರಕು ಅದು. “ಚಿಗಟ ಮಾತ್ರ ಒಂದೂ ಉಳೀತಿರ್ಲಿಲ್ಲ” ಅಂತ ಅವ್ವ ಈಗಲೂ ಅಂದುಕೊಳ್ಳುತ್ತಾಳೆ. ಅದೂ ನಿಜ ಇರಬಹುದು.

ಎಲ್ಲಕ್ಕಿಂತ ಅಪಾಯದ ಸಲಹೆ ಬಂದದ್ದು ಪ್ರೀತಿಯಿಂದಲೇ. ಹುನಗುಂದದ ಕಡೆ ನಮ್ಮ ಸೋದರಮಾವನ ದಾಳಿಂಬೆ ತೋಟ. ಮಾವ ಬೈಕಿನಲ್ಲಿ ಬರುವಾಗಲೇ ತೋಟಕ್ಕೆ ಹೊಡೆದು ಉಳಿದ ಎಣ್ಣೆಯ ಬಾಟಲಿ ತಂದಿದ್ದರು. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಅಂತಲೇ ಹೆಸರು. ಅಡುಗೆಗೂ ಎಣ್ಣೆ, ವಿಷಕ್ಕೂ ಎಣ್ಣೆ. “ಒಂದು ಬಕೀಟ್ ನೀರಿಗೆ ಒಂದು ಮುಚ್ಚಳ ಹಾಕು, ಖೋಲಿಗೂ ಹೊಡಿ, ನಾಯಿಗೂ ಹೊಡಿ” ಅಂದರು. ಬಾಟಲಿ ತಿರುಗಿಸಿ ನೋಡಿದೆ. ಈ ಸಲ ಓದಿದೆ. ಲೇಬಲ್ಲಿನಲ್ಲಿ ವಜ್ರದಾಕಾರದ ಗುರುತು, ಅದರ ಕೆಳಗಿನ ಅರ್ಧ ಹಳದಿ.

ಈ ಗುರುತು ರೈತರ ಮನೆಗಳಲ್ಲಿ ಎಲ್ಲರೂ ನೋಡಿರುತ್ತಾರೆ, ಅರ್ಥ ಕೇಳಿರುವುದಿಲ್ಲ. ಕೀಟನಾಶಕ ಕಾಯ್ದೆ 1968ರದ್ದು, ಅದರ ನಿಯಮಗಳು 1971ರದ್ದು. ಆ ನಿಯಮದ ಪ್ರಕಾರ ಕೆಂಪು ಅಂದರೆ ಅತಿ ಘೋರ ವಿಷ, ಮೇಲೆ ತಲೆಬುರುಡೆ ಇರುತ್ತದೆ. ಹಳದಿ ಅದರ ನಂತರದ್ದು. ನೀಲಿ ಮಧ್ಯಮ. ಹಸಿರು ಎಲ್ಲಕ್ಕಿಂತ ಕಡಿಮೆ. ಹಸಿರು ಕಂಡರೆ ಮೈಗೆ ಹಚ್ಚಬಹುದು ಅಂತಲ್ಲ, ಅದೂ ಬೆಳೆಗೆ ಮಾಡಿದ್ದೇ. ಮಾವನಿಗೆ ಬಾಟಲಿ ವಾಪಸು ಕೊಟ್ಟೆ. ಸ್ವಲ್ಪ ಬೇಸರ ಮಾಡಿಕೊಂಡರು. ಎತ್ತಿಗೆ ಉಣ್ಣಿ ಬಿದ್ದಾಗ ಅವರು ಇದನ್ನೇ ಮಾಡುತ್ತಾರೆ. ಎತ್ತು ಏನೂ ಆಗದೆ ನಿಂತಿರುವುದನ್ನು ಅವರು ಕಣ್ಣಾರೆ ನೋಡಿದ್ದಾರೆ. ಅವರನ್ನು ತಪ್ಪು ಅನ್ನಲು ನನಗೆ ಬಾಯಿ ಬರಲಿಲ್ಲ.

ತೆನಿ ಮನೆಗೆ ಬಂದ ಮೇಲೂ ಚಿಗಟ ಇದ್ದವು. ಅಂದರೆ, ಇಷ್ಟೆಲ್ಲ ಆಗಿ ಮೂಲ ಕೆಲಸ ಆಗಿರಲಿಲ್ಲ!

“ನೀವು ಬೆಕ್ಕಿನ ಮೈಮ್ಯಾಲೆ ಹುಡುಕಾಕತ್ತೀರಿ. ಅವು ನಿಮ್ಮ ನೆಲದಾಗ ಅದಾವ” ಅಂದರು ಡಾಕ್ಟರರು.

ನನಗೆ ಈ ಭಾಗ ಬಹಳ ಹಿಡಿಸಿತು. ಪ್ರಾಣಿಯ ಮೈಮೇಲೆ ಕಾಣುವ ದೊಡ್ಡ ಚಿಗಟಗಳು ಒಟ್ಟು ಸಂಸಾರದಲ್ಲಿ ನೂರಕ್ಕೆ ಐದರಷ್ಟು ಮಾತ್ರ. ಉಳಿದದ್ದೆಲ್ಲ ಮೊಟ್ಟೆ, ಮರಿಹುಳ, ಗೂಡು. ಒಂದು ಹೆಣ್ಣು ಚಿಗಟ ದಿನಕ್ಕೆ 40ರಿಂದ 50 ಮೊಟ್ಟೆ ಇಡಬಲ್ಲದು. ಮೊಟ್ಟೆ ನುಣುಪು, ಕೂದಲಿಗೆ ಅಂಟಿಕೊಳ್ಳುವುದಿಲ್ಲ. ಬೆಕ್ಕು ಎಲ್ಲಿ ಮಲಗುತ್ತದೋ ಅಲ್ಲಿ ಉಪ್ಪು ಉದುರಿಸಿದ ಹಾಗೆ ಉದುರುತ್ತದೆ. ಮೊಟ್ಟೆಯಿಂದ ಬಂದ ಮರಿಹುಳಕ್ಕೆ ಬೆಳಕು ಆಗುವುದಿಲ್ಲ. ಫರಸಿ ಕಲ್ಲಿನ ಸಂದಿ, ಚಾಪೆಯ ಅಡಿ, ಮಣ್ಣಿನ ಬಿರುಕು ಹುಡುಕಿಕೊಂಡು ಹೋಗುತ್ತದೆ. ಅಲ್ಲಿ ಅದರ ಊಟ ಏನು ಗೊತ್ತೇ? ದೊಡ್ಡ ಚಿಗಟಗಳು ಉದುರಿಸಿದ ಒಣ ರಕ್ತದ ಹಿಕ್ಕೆ. ಮೊಟ್ಟೆಯ ಜೊತೆಗೇ ಬುತ್ತಿಯೂ ಬೀಳುತ್ತದೆ ಅನ್ನಿ.

ಆಮೇಲೆ ಗೂಡು ಕಟ್ಟುತ್ತದೆ. ರೇಷ್ಮೆಹುಳದ ಹಾಗೇ, ನೂಲಿನ ಗೂಡು. ಅಂಟಂಟು, ಮೇಲೆ ಧೂಳು ಮೆತ್ತಿಕೊಂಡು ಮಣ್ಣಿನ ಹರಳಿನಂತೆ ಕಾಣುತ್ತದೆ. ಇದರೊಳಗೆ ಔಷಧ ಸರಿಯಾಗಿ ಇಳಿಯುವುದಿಲ್ಲ. ಒಳಗೆ ಸಿದ್ಧವಾದ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು. ಏನಕ್ಕೆ ಕಾಯುತ್ತದೆ? ನೆಲ ಅದುರುವುದಕ್ಕೆ, ಬಿಸಿ ಮೈ ಹತ್ತಿರ ಬರುವುದಕ್ಕೆ, ಉಸಿರಿನ ಗಾಳಿ ತಾಗುವುದಕ್ಕೆ. ಆಗ ಗೂಡು ಬಿಟ್ಟು ಜಿಗಿಯುತ್ತದೆ. ಅದು ಜಿಗಿಯುವುದು ಸುಮಾರು ಒಂದು ಗೇಣು ಎತ್ತರ.

ಇದನ್ನು ಮನೆಗೆ ಬಂದು ಹೇಳಿದಾಗ ಅವ್ವ ಲಾಳಿ ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು. ಆಷಾಢದಲ್ಲಿ ಅವಳು ಹದಿನೈದು ದಿನ ಮಗ್ಗ ನಿಲ್ಲಿಸಿ ಅಕ್ಕನ ಬಾಣಂತನಕ್ಕೆ ಹೋಗಿದ್ದಳು. ತೆನಿ ಆ ಹದಿನೈದು ದಿನವೂ ಕುಣಿಯಲ್ಲೇ ಮಲಗಿತ್ತು. ಅವ್ವ ಬಂದು ಕಾಲು ಇಳಿಬಿಟ್ಟು ಹಲಗೆ ತುಳಿದ ದಿನವೇ ಕಡಿತ ಶುರುವಾಗಿದ್ದು. ನೆಲ ಅದುರಿತು, ಬೆಚ್ಚಗಿನ ಕಾಲು ಬಂತು. ನೂಲು ಹರಿಯದಿರಲಿ ಅಂತ ಇದ್ದ ತಂಪೇ ಮರಿಹುಳಗಳನ್ನೂ ಕಾಪಾಡಿತ್ತು. ಹೊರಗಿನ ನಮ್ಮ ನೆಲದಲ್ಲಿ ಅವು ಬದುಕುವುದು ಕಷ್ಟ. ನಮ್ಮ ಏಪ್ರಿಲ್ ಮೇ ಬಿಸಿಲಿಗೆ, ಒಣ ಗಾಳಿಗೆ ಮರಿಹುಳ ಒಣಗಿ ಸಾಯುತ್ತವೆ. ಮಳೆ ಬಿದ್ದು ಗಾಳಿ ತೇವ ಆದಾಗ ಅವುಗಳ ಸುಗ್ಗಿ. ಕುಣಿಯಲ್ಲಿ ಮಾತ್ರ ವರ್ಷಪೂರ್ತಿ ಶ್ರಾವಣ.

“ಅಂದ್ರ ನಾನ ಎಬ್ಬಿಸೀನಿ ಅವನ್ನ” ಅಂದಳು ಅವ್ವ.

ಮದ್ದು ಹೊಡೆಯುವುದಾ, ಬೇಡವಾ ಅನ್ನುವುದು ದೊಡ್ಡ ಚರ್ಚೆ ಆಯಿತು. ಮನೆಯ ನೆಲಕ್ಕೆ ಹೊಡೆಯುವ ಔಷಧಗಳಲ್ಲಿ ದೊಡ್ಡ ಚಿಗಟ ಕೊಲ್ಲುವುದು ಒಂದು ಬಗೆ, ಮೊಟ್ಟೆ ಮರಿಹುಳ ಬೆಳೆಯದ ಹಾಗೆ ತಡೆಯುವ ಮೆಥೋಪ್ರೀನ್, ಪೈರಿಪ್ರಾಕ್ಸಿಫೆನ್ ಇನ್ನೊಂದು ಬಗೆ. ಎರಡನೆಯದು ಜಾಣ ಔಷಧ. ಏನೇ ಹೊಡೆದರೂ ಮಕ್ಕಳು, ಪ್ರಾಣಿಗಳು ಎಲ್ಲರೂ ಹೊರಗೆ, ಪೂರ್ತಿ ಒಣಗಿ ಗಾಳಿ ಆಡುವ ತನಕ. ಮೀನಿನ ತೊಟ್ಟಿ ಇದ್ದರೆ ಅದು ಆಚೆ ಹೋಗಬೇಕು, ಈ ಔಷಧಗಳಿಗೆ ಮೀನು ತಡೆಯುವುದಿಲ್ಲ. ನಮ್ಮ ಖೋಲಿಯಲ್ಲಿ ಹಾಸು ಹೂಡಿತ್ತು, ಅರ್ಧ ಸೀರೆ ಮಗ್ಗದ ಮೇಲಿತ್ತು. ಅವ್ವ ದಿನಕ್ಕೆ ಎಂಟು ತಾಸು ಅದೇ ಕುಣಿಯಲ್ಲಿ ಬರಿಗಾಲು ಇಡುವವಳು. ಹೊಡೆಯುವುದು ಬೇಡ ಅಂತ ಆಯಿತು. ಆ ತೀರ್ಮಾನ ನನ್ನದು, ಎಲ್ಲರ ಮನೆಗೂ ಅದೇ ಸರಿ ಅಂತ ಅಲ್ಲ.

ಆ ಸೀರೆ ಇಳಿಸಿದ ಮೇಲೆ ಕುಣಿಗೆ ಇಳಿದೆವು. ಮೇಲಿನ ಮಣ್ಣನ್ನು ಎರಡು ಬೆರಳಷ್ಟು ಕೆರೆದು ತೆಗೆದು, ಚೀಲದಲ್ಲಿ ತುಂಬಿ ಬಾಯಿ ಬಿಗಿದು ಊರಾಚೆ ಹಾಕಿದೆವು. ಬಿರುಕಿಗೆಲ್ಲ ಸಿಮೆಂಟು ಮೆತ್ತಿದೆವು. ತೆನಿ ಮಲಗುತ್ತಿದ್ದ ಹಳೆ ಕೌದಿಯನ್ನು ಕುದಿನೀರಲ್ಲಿ ನೆನೆಸಿ, ಮಾಳಿಗೆಯ ಮೇಲೆ ಮೂರು ದಿನ ಒಣಹಾಕಿದೆವು. ಮಳೆಗಾಲದಲ್ಲಿ ಮೂರು ದಿನ ಬಿಸಿಲು ಸಿಗುವುದೇ ಪುಣ್ಯ. ಹೆಂಡತಿ ತವರಿನಿಂದ ಧೂಳು ಎಳೆಯುವ ಯಂತ್ರ ತರಿಸಿದಳು. ದಿನಾ ಫರಸಿ ಸಂದಿಯೆಲ್ಲ ಎಳೆದೆವು. ಯಂತ್ರದ ಅದುರಿಗೇ ಗೂಡಿನೊಳಗಿನ ಚಿಗಟ ಎದ್ದು ಬರುತ್ತವಂತೆ, ಅದೂ ಒಳ್ಳೆಯದೇ. ಎಳೆದ ಧೂಳನ್ನು ಒಳಗೆ ಬಿಡದೆ ಆಗಲೇ ಕಟ್ಟಿ ಎಸೆಯಬೇಕು. ಇಲ್ಲದಿದ್ದರೆ ಯಂತ್ರವೇ ಅವುಗಳ ಹೊಸ ಕುಣಿ.

ಪ್ರಾಣಿಗಳ ಔಷಧ ಈ ಸಲ ಡಾಕ್ಟರರೇ ಬರೆದುಕೊಟ್ಟರು. ತೂಕ ಹೇಳಿ ಅಂದರು. ನೂಲು ತೂಗುವ ತಕ್ಕಡಿಯಲ್ಲಿ ತೆನಿಯನ್ನು ಬುಟ್ಟಿ ಸಮೇತ ತೂಗಿ, ಬುಟ್ಟಿ ಕಳೆದೆವು. ಎರಡು ಕಿಲೋ ಎಂಟುನೂರು. ಮೂರು ಅಂತ ನಾನು ಅಂದಾಜು ಮಾಡಿದ್ದೂ ತಪ್ಪೇ. ಅದಕ್ಕೆ ಬೆಕ್ಕಿನದೇ ಫಿಪ್ರೊನಿಲ್ ಟ್ಯೂಬು, ಅದೂ ಮೈ ಪೂರ್ತಿ ಸುಧಾರಿಸಿದ ಮೇಲೆ. ತಲೆಬುರುಡೆಯ ಬುಡದಲ್ಲಿ, ನಾಲಿಗೆ ಎಟುಕದ ಕಡೆ, ಕೂದಲು ಎರಡು ಭಾಗ ಮಾಡಿ ಚರ್ಮಕ್ಕೆ ತಾಗುವ ಹಾಗೆ ಹಾಕಬೇಕು. ಕೂದಲ ಮೇಲೆ ಹಾಕಿದರೆ ದಂಡ. ಹಾಕುವ ಎರಡು ದಿನ ಮೊದಲೂ, ಎರಡು ದಿನ ಆಮೇಲೂ ಸ್ನಾನ ಇಲ್ಲ. ಹಾಕಿದ ಮೇಲೆ ಕೈ ಸೋಪಿನಲ್ಲಿ ತೊಳೆಯಬೇಕು. ನಮ್ಮ ಮೂರು ವರ್ಷದ ಮಗಳು ತೆನಿಯನ್ನು ಅಪ್ಪಿಕೊಂಡೇ ಮಲಗುವವಳು. ಅವತ್ತು ರಾತ್ರಿ ಬೇರೆ ಮಲಗಿಸಿದೆವು. ಅತ್ತಳು. ಅಳಲಿ ಬಿಡಿ, ಮಕ್ಕಳ ಕೈ ಹೋಗುವುದೇ ಬಾಯಿಗೆ.

ರಾಜಾನಿಗೆ ಟ್ಯೂಬು ಬಿಟ್ಟು ತಿಂಗಳಿಗೊಮ್ಮೆ ತಿನ್ನಿಸುವ ಗುಳಿಗೆ ಕೊಟ್ಟರು, ತೆನಿ ನೆಕ್ಕಿದರೂ ಭಯ ಇಲ್ಲ ಅಂತ. ಕೊಡುವ ಮೊದಲು ಒಂದು ಪ್ರಶ್ನೆ ಕೇಳಿದರು: ಯಾವಾಗಾದರೂ ಫಿಟ್ಸ್ ಬಂದಿದ್ದುಂಟಾ? ಈ ಗುಂಪಿನ ಗುಳಿಗೆಗಳು ಕೆಲವು ನಾಯಿಗಳಲ್ಲಿ ಫಿಟ್ಸ್ ತರಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಕೆ ಕೊಟ್ಟಿದೆ. ಬಹಳಷ್ಟು ನಾಯಿಗಳಿಗೆ ಏನೂ ಆಗುವುದಿಲ್ಲ. ಆದರೆ ಕೇಳುವ ಪ್ರಶ್ನೆ ಅದು. ಯಾವ ಅಂಗಡಿಯಲ್ಲೂ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ, ಮನೆಯಲ್ಲಿ ಬೆಕ್ಕೂ ಇದೆ ಅಂತ.

ಪಕ್ಕದ ಮನೆಯ ಹುಡುಗರು ಮೊಲ ಸಾಕಿದ್ದಾರೆ. ಉಳಿದರೆ ಕೊಡಿ ಅಂಕಲ್ ಅಂತ ಬಂದರು. ಬೆಕ್ಕಿಗೆ ಒಳ್ಳೆಯದಾದ ಫಿಪ್ರೊನಿಲ್ ಮೊಲವನ್ನು ಕೊಲ್ಲಬಲ್ಲದು. ಮತ್ತೆ ಅದೇ ಕಥೆ. ಸಣ್ಣ ಮರಿಗಳಿದ್ದರೆ ಯಾವ ಟ್ಯೂಬೂ ಬೇಡ, ಹೇನು ತೆಗೆಯುವ ಸೀರಣಿಗೆಯಲ್ಲಿ ಬಾಚಿ ಸೋಪಿನ ನೀರಿಗೆ ಅದ್ದುವುದೇ ದಾರಿ. ಮರಿಗಳಿಗೆ ಚಿಗಟ ತಮಾಷೆಯ ಮಾತಲ್ಲ. ರಕ್ತ ಹೀರಿ ಹೀರಿ ವಸಡು ಬೆಳ್ಳಗಾಗಿ ಸಾಯುತ್ತವೆ. ಆಡಿನ ಮರಿಗಳೂ ಹಾಗೇ ಹೋಗುವುದುಂಟು.

ಖಾಲಿ ಟ್ಯೂಬನ್ನು ಬಚ್ಚಲಲ್ಲಿ ತೊಳೆಯಬೇಡಿ ಅಂತಲೂ ಅಂದರು. ಸುಮ್ನೆ ಹೇಳುತ್ತಿದ್ದಾರೆ ಅಂದುಕೊಂಡಿದ್ದೆ. ಆಮೇಲೆ ಓದಿದೆ, ಇಂಗ್ಲೆಂಡಿನ 20 ನದಿಗಳ ನೀರನ್ನು ಪರೀಕ್ಷಿಸಿ 2020ರಲ್ಲಿ ವರದಿ ಮಾಡಿದವರಿಗೆ ಹೆಚ್ಚುಕಡಿಮೆ ಎಲ್ಲ ಮಾದರಿಗಳಲ್ಲೂ ಫಿಪ್ರೊನಿಲ್ ಸಿಕ್ಕಿತ್ತು. ಅಲ್ಲಿನ ಹೊಲಗಳಲ್ಲಿ ಅದನ್ನು ಬಳಸುವುದೇ ಇಲ್ಲ. ನಾಯಿ ಬೆಕ್ಕಿನ ಮೈಯಿಂದಲೇ ಬಂದಿರಬೇಕು ಅಂತ ಅವರ ಅನುಮಾನ. ನಮ್ಮ ಓಣಿಯ ಗಟಾರ ಸೇರುವುದು ಹಳ್ಳಕ್ಕೆ, ಹಳ್ಳ ಸೇರುವುದು ಕೊನೆಗೆ ಕೃಷ್ಣೆಗೇ.

ಒಂದು ರಾತ್ರಿ ಇದೆಲ್ಲ ಮಾತಾಡುತ್ತಾ ಕೂತಾಗ ಅವ್ವ ತನ್ನ ಅಜ್ಜಿ ಹೇಳುತ್ತಿದ್ದ ಪ್ಲೇಗಿನ ಕಾಲದ ಮಾತು ತೆಗೆದಳು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರಿಗೆ ಊರೇ ಕೀಲಿ ಹಾಕಿ ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರಂತೆ. 1896ರಲ್ಲಿ ಮುಂಬೈಗೆ ಬಂದ ಪ್ಲೇಗು ಆಗ ಮುಂಬೈ ಪ್ರಾಂತದಲ್ಲೇ ಇದ್ದ ನಮ್ಮ ಕಡೆಗೂ ಹಬ್ಬಿತ್ತು. ಅದನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ ಅಂತ ಪಾಲ್ ಲೂಯಿ ಸಿಮಂಡ್ ಎಂಬ ಫ್ರೆಂಚ್ ವೈದ್ಯ 1898ರಲ್ಲಿ ಕರಾಚಿಯಲ್ಲಿ ತೋರಿಸಿದ. ಬಹಳ ವರ್ಷ ಅವನನ್ನು ಯಾರೂ ನಂಬಲಿಲ್ಲ. ಅದು ಇಲಿಯ ಚಿಗಟ, ತೆನಿಯ ಮೇಲಿನದು ಬೇರೆ ಜಾತಿ. ಹಾಗಂತ ತೆನಿಯ ಮೇಲಿನದೂ ಸಭ್ಯ ಏನಲ್ಲ. ಬೆಕ್ಕು ಮೈ ನೆಕ್ಕುವಾಗ ಚಿಗಟ ನುಂಗಿದರೆ ಹೊಟ್ಟೆಯಲ್ಲಿ ಲಾಡಿಹುಳ ಆಗುತ್ತದೆ. ಬಾಲದ ಬುಡದಲ್ಲಿ ಅಕ್ಕಿಕಾಳಿನಂಥ ತುಂಡುಗಳು ಕಂಡರೆ ಅದೇ. ಆಡುತ್ತಾ ಕೂತ ಕೂಸೂ ಹಾಗೆ ನುಂಗಬಹುದು. ತೆನಿಗೆ ಜಂತಿನ ಗುಳಿಗೆಯೂ ಆಯಿತು.

ಅವ್ವನಿಗೆ ಆ ಕಥೆಯಲ್ಲಿ ಹಿಡಿಸಿದ್ದು ಬೇರೆ. “ಅವರು ಮನಿ ಬಿಟ್ಟು ಹೋಗಿದ್ದೂ ಚಲೋನ ಆತು ನೋಡು, ಗೊತ್ತಿಲ್ದ. ನೆಲದಾಗ ಅದಾವು ಅಂತ ಅವರಿಗೆ ಯಾರ್ ಹೇಳಿದ್ರು?”

ಒಂದು ತಿಂಗಳಾದರೂ ಚಿಗಟ ಪೂರ್ತಿ ಹೋಗಲಿಲ್ಲ. ಔಷಧ ನಕಲಿ ಇರಬೇಕು ಅಂತ ನನಗೆ ಸಿಟ್ಟು ಬಂತು. ಡಾಕ್ಟರರು ನಕ್ಕರು. ನೆಲದ ಗೂಡಿನಲ್ಲಿ ಇದ್ದವು ಒಂದೊಂದಾಗಿ ಎದ್ದು ಬರುತ್ತಲೇ ಇರುತ್ತವೆ. ತೆನಿಯ ಮೈಮೇಲೆ ಹತ್ತಿ ಸಾಯುತ್ತವೆ, ಮೊಟ್ಟೆ ಇಡುವ ಮೊದಲೇ. ಮೂರು ತಿಂಗಳು ಬಿಡದೆ ಹಾಕಿ ಅಂದರು. ಬೇಗ ಹೋಗಲಿ ಅಂತ ಹದಿನೈದು ದಿನಕ್ಕೇ ಇನ್ನೊಂದು ಹಾಕಲೇ ಅಂದೆ. ಅವರು ನನ್ನ ಮುಖ ನೋಡಿದರು. ನಾನು ಸುಮ್ಮನಾದೆ.

ಈಗ ಔಷಧದ ಡಬ್ಬಿ ಅವ್ವನ ಕೈಯಲ್ಲಿದೆ. ನನ್ನ ಮೇಲೆ ಅವಳಿಗೆ ನಂಬಿಕೆ ಇಲ್ಲ. ರಾಜಾನ ಪಾಕೀಟಿಗೆ ಕರಿ ನೂಲು ಕಟ್ಟಿದ್ದಾಳೆ, ತೆನಿಯದಕ್ಕೆ ಕೆಂಪು ರೇಷ್ಮೆ. ಇಂಗ್ಲಿಷ್ ಓದಲು ಬಾರದವಳು, ಆದರೆ ಬಣ್ಣ ತಪ್ಪುವವಳಲ್ಲ. ಎರಡೂ ಬೇರೆ ಬೇರೆ ಗೂಡಿನಲ್ಲಿ, ಮಗಳ ಕೈಗೆ ಎಟುಕದಷ್ಟು ಎತ್ತರ.

ದೀಪಾವಳಿಯ ಹಿಂದಿನ ದಿನ ನನ್ನ ಬಿಳಿ ಸಾಕ್ಸ್ ಇಸಿದುಕೊಂಡು ಹಾಕಿಕೊಂಡು ಮಗ್ಗಕ್ಕೆ ಇಳಿದಳು. ಇಡೀ ದಿನ ನೇಯ್ದಳು. ಸಂಜೆ ಹೊರಗೆ ಬಂದು ಕಟ್ಟೆಯ ಮೇಲೆ ಕಾಲು ಚಾಚಿದಳು. ನಾನು, ಹೆಂಡತಿ, ಮಗಳು ಮೂವರೂ ಬಗ್ಗಿ ನೋಡಿದೆವು. ಕೆಂಪು ನೂಲಿನ ಎರಡು ಎಳೆ, ತೆನಿಯ ಒಂದಿಷ್ಟು ಕೂದಲು. ಎಡಗಾಲಿನಲ್ಲಿ ಒಂದು ಕಪ್ಪು ಚುಕ್ಕೆ. ಮಗಳು ಬೆರಳಲ್ಲಿ ಮುಟ್ಟಿದಳು.

ಅದು ಎಳ್ಳು. ಹಬ್ಬದ ಉಂಡೆಯದು.